ಚಿಂತೇರು

ಬಾಡಿಗೆ ಚೀಟಿಯಲ್ಲಿ ನೆಲದ ಮಾತಿರಲಿಲ್ಲ.
ಹೊಸದುರ್ಗದ ಹಳೇ ಬೀಡಿ ಡಿಪೊ, ಮೇಲಿನ ಕೋಣೆ,
ಎರಡು ಕಿಟಕಿ, ಒಂದು ಫ್ಯಾನು, ಹದಿನಾಲ್ಕು ಮೆಟ್ಟಿಲು
ಇಷ್ಟೇ ಬರೆದಿದ್ದರು.
ಕಾಲಡಿಯ ಕಪ್ಪನ್ನು ಸಿಮೆಂಟೆಂದೇ ತಿಳಿದಿದ್ದೆ,
ಹೊಲಿಗೆ ಮೆಷಿನ್ನಿನ ಕಾಲು ಎಳೆದಲ್ಲಿ
ಒಂದು ಗೆರೆ ಕೆಂಪಗೆ ಬಾಯಿ ಬಿಡುವ ತನಕ.

ಮರ. ಕಿರಾಲಬೋಗಿ. ಇಪ್ಪತ್ತೊಂದು ಹಲಗೆ.
ವರ್ಷ ವರ್ಷವೂ ಗೇರೆಣ್ಣೆ ಬಳಿದು ಬಳಿದು
ಗೆದ್ದಲು ಹತ್ತಿರ ಸುಳಿದಿಲ್ಲ,
ಬೆಳಕೂ ಸುಳಿದಿಲ್ಲ.

ಆಚಾರಿ ಹೇಳಿದ ಲೆಕ್ಕಕ್ಕೆ
ಇನ್ನೊಂದು ಮೆಷಿನ್ನೇ ಬರುತ್ತಿತ್ತು.
ದಿನಕ್ಕೆ ಎಂಟುನೂರರಂತೆ
ಉಜ್ಜುವ ಯಂತ್ರವನ್ನು ಆಟೋದಲ್ಲಿ ಹೇರಿ ತಂದೆ.

ಮೊದಲು ಮೊಳೆ.
ಮೊಣಕಾಲೂರಿ ಒಂದೊಂದರ ತಲೆಯನ್ನೂ
ಮರದೊಳಕ್ಕೆ ಇಳಿಸಬೇಕು, ಇಲ್ಲವಾದರೆ ಕಾಗದ ಹರಿಯುತ್ತದೆ.
ಇದು ನನಗೆ ಹೊಸತಲ್ಲ;
ಗಂಟನ್ನು ಒಳಮೈಗೆ ಸರಿಸುವುದೇ ನಮ್ಮ ಕಸುಬು.
ಸಂದುಗಳಿಂದ ಹೇರ್‌ಪಿನ್ನಿನಲ್ಲಿ ಕೆದಕಿದ್ದು:
ಹೊಗೆಸೊಪ್ಪಿನ ಹುಡಿ, ಗುಲಾಬಿ ನೂಲು, ಐದು ಪೈಸೆ,
ಬೀಡಿ ಎಲೆ ಕತ್ತರಿಸುವ ತಗಡಿನ ಅಳತೆ.
ತಿರುಗಿಸಿ ನೋಡಿದೆ, ಅಂಚು ಸವೆದಿತ್ತು.
ಅದು ಈಗ ನನ್ನ ಸೀಮೆಸುಣ್ಣದ ಡಬ್ಬಿಯಲ್ಲಿದೆ.

ನಲವತ್ತರ ಕಾಗದ, ಎಂಬತ್ತರದು, ನೂರಿಪ್ಪತ್ತರದು.
ಮನುಷ್ಯರ ಹಾಗಲ್ಲ,
ಸಂಖ್ಯೆ ಏರಿದಷ್ಟೂ ನುಣುಪು.
ಯಂತ್ರ ಕೊಟ್ಟವನು ಹೇಳಿದ್ದು ಒಂದೇ ಮಾತು:
ನಾರು ಹೋದತ್ತ ಹೋಗಿ. ನಿಲ್ಲಬೇಡಿ.
ನಿಂತರೆ ಅದು ತಿನ್ನುತ್ತದೆ.

ಏಳನೆಯ ಹಲಗೆ, ಎರಡನೆಯ ಕಿಟಕಿಯ ಕೆಳಗೆ,
ಆಗಷ್ಟೇ ಸೋಸಿದ ಚಾದ ಬಣ್ಣಕ್ಕೆ ತಿರುಗುತ್ತಿತ್ತು.
ಕೆಳಗಿನ ಅಂಗಡಿಯ ಅಂದುಂಞಿಚ್ಚ
ಅರ್ಧ ಮೆಟ್ಟಿಲು ಹತ್ತಿ ನಿಂತರು.
ನೆಲದ ಮಟ್ಟಕ್ಕೆ ಬರೀ ತಲೆ,
ಬಿಳಿ ಟೊಪ್ಪಿಯ ಮೇಲೆ ಸಂದಿನಿಂದ ಸುರಿದ ಕೆಂಪು ಹುಡಿ.
ಯಂತ್ರದ ಸದ್ದಿಗಿಂತ ಮೇಲೆ ಕೂಗಿದರು:
"ಚಿಂತೇರಿಟ್ಟೋ?"

ಪೈವಳಿಕೆ ಬಿಟ್ಟು ಐದು ತಿಂಗಳು.
ಸೊಂಟ, ತೋಳು, ಕುತ್ತಿಗೆ, ಬಾಕಿ ಹಣ,
ಮಲಯಾಳದಲ್ಲಿ ಇಷ್ಟನ್ನು ತಡವರಿಸದೆ ಹೇಳಬಲ್ಲೆ.
ಚಿಂತೆ ಇಟ್ಟೆಯಾ ಎಂದು ಕೇಳಿಸಿತು ನನಗೆ.
ಹೌದು ಅನ್ನಲೆ?
ಯಾವುದನ್ನು ಹೇಳಲಿ,
ಮುಂಗಡಕ್ಕೆ ಅಡವಿಟ್ಟ ಬಳೆಯದೋ,
ಓಣಂಗೆ ಒಪ್ಪಿಕೊಂಡ ಮೂವತ್ತು ರವಿಕೆಯದೋ,
ಮೊನ್ನೆ ಎಕ್ಸ್‌ರೇಯಲ್ಲಿ ಕಂಡ ಬೆನ್ನಿನದೋ?
ಆರಿಸುತ್ತ ನಿಂತೆ.
ಕೈಯಲ್ಲಿ ಯಂತ್ರ ಓಡುತ್ತಲೇ ಇತ್ತು.

ಸುಟ್ಟ ವಾಸನೆ ಬಂದಾಗ ಎತ್ತಿದೆ.
ಹಲಗೆಯಲ್ಲಿ ಒಂದು ತಗ್ಗು,
ಪ್ರಸಾದಕ್ಕೆ ಚಾಚಿದ ಅಂಗೈಯಷ್ಟು.

ಅವರು ಮೇಲೆ ಬಂದರು, ಚಪ್ಪಲಿ ಬಿಟ್ಟರು,
ಹೆಬ್ಬೆರಳಿಟ್ಟು ಆಳ ನೋಡಿದರು.
ಆಮೇಲೆ ಎರಡೂ ಕೈಯಲ್ಲಿ ಗಾಳಿಯನ್ನು
ಮುಂದಕ್ಕೆ ನೂಕಿ ನೂಕಿ ತೋರಿಸಿದರು.
ಚಿಂತೇರ್! ಚಿಂತೇರ್!
ಕೀಸುಳಿ!
ನಮ್ಮ ಕೀಸುಳಿಯನ್ನು ಇಲ್ಲಿ ಹಾಗೆ ಕರೆಯುತ್ತಾರೆ.
ಇಬ್ಬರೂ ನಕ್ಕೆವು,
ಮಾಲೀಕರಾದ್ದರಿಂದ ಅವರು ಸ್ವಲ್ಪ ಕಡಿಮೆ.

ಮೂರು ದಿನ ಸೀನಿದರೆ ಬೀಡಿಯ ವಾಸನೆ.
ನಾಲ್ಕನೆಯ ದಿನ ಅಗಸೆ ಎಣ್ಣೆ,
ಲೈನಿಂಗಿನ ಚೂರುಬಟ್ಟೆಯಲ್ಲಿ ಅದ್ದಿ
ಕಿಟಕಿಯಿಂದ ಮೆಟ್ಟಿಲ ಕಡೆಗೆ, ಹಿಮ್ಮುಖವಾಗಿ.
ಕೊನೆಯ ಹಲಗೆಗೆ ಬಂದು ತಲೆ ಎತ್ತಿದರೆ
ಕತ್ತರಿ ಆಚೆ ಕಿಟಕಿಯ ದಂಡೆಯಲ್ಲೇ!
ನಡುವೆ ಇಡೀ ಕೋಣೆ ಒದ್ದೆ, ಕೆಂಪು,
ಫ್ಯಾನಿನ ಮೂರು ರೆಕ್ಕೆ ಅದರಲ್ಲಿ ತಲೆಕೆಳಗಾಗಿ.
ಎರಡು ದಿನ ಮೆಟ್ಟಿಲ ಮೇಲೆ ಕೂತು
ಬರೀ ಕೈಹೊಲಿಗೆ ಹಾಕಿದೆ.

ತಗ್ಗನ್ನು ಮರದ ಹುಡಿ, ಗೋಂದು ಕಲಸಿ ತುಂಬಬಹುದಿತ್ತು.
ತುಂಬಬೇಕೆಂದೂ ಇದ್ದೆ,
ಓಣಂ ಬಂತು, ಹೋಯಿತು.

ಈಗ ದಾರದುಂಡೆ ಜಾರಿದರೆ,
ಗುಂಡಿ ಉದುರಿದರೆ ಯಾರೂ ಬಗ್ಗಿ ಹುಡುಕುವುದಿಲ್ಲ.
ಕಲಿಯಲು ಬರುವ ರುಬೀನ
ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳುತ್ತಾಳೆ:
"ಅಕ್ಕಾ, ಚಿಂತೆಯಲ್ಲಿ ನೋಡಿ."